ಗಂಟೆಗಳು ಊರಿಗೆ ಬಂದವು, ಸತ್ತವರ ಲೆಕ್ಕ ಬರಲಿಲ್ಲ: ಫಿಲಿಪ್ಪೀನ್ಸ್‌ನ ಬಲಂಗಿಗಾ ಕತೆ

2018ರ ಡಿಸೆಂಬರ್ 11ರಂದು ಅಮೆರಿಕದ ಸೇನಾ ವಿಮಾನವೊಂದು ಮೂರು ಹಳೆಯ ಚರ್ಚ್ ಗಂಟೆಗಳನ್ನು ಹೊತ್ತು ಮನಿಲಾದಲ್ಲಿ ಇಳಿಯಿತು. ನಾಲ್ಕು ದಿನ ಬಿಟ್ಟು, ಡಿಸೆಂಬರ್ 15ಕ್ಕೆ, ಆ ಗಂಟೆಗಳು ತಮ್ಮ ಊರಾದ ಬಲಂಗಿಗಾ ಸೇರಿದವು. ಊರು ಬಿಟ್ಟು 117 ವರ್ಷ ಆಗಿತ್ತು. ಹಿಂದೆ ಅವುಗಳ ದನಿ ಕೇಳಿದ್ದವರು ಒಬ್ಬರೂ ಊರಲ್ಲಿ ಬದುಕಿರಲಿಲ್ಲ. ಆದರೂ ಎರಡು ದೇಶಗಳ ಸರ್ಕಾರಗಳು, ಕ್ಯಾಥೊಲಿಕ್ ಚರ್ಚ್, ಅಮೆರಿಕದ ಮಾಜಿ ಸೈನಿಕರ ಸಂಘಗಳು ಎಲ್ಲರೂ ಈ ಗಂಟೆಗಳಿಗಾಗಿ ವರ್ಷಗಟ್ಟಲೆ ಜಗಳ ಆಡಿದ್ದರು.

ಬಲಂಗಿಗಾ ಸುಮಾರು 14 ಸಾವಿರ ಜನರ ಊರು. ಮೀನು, ತೆಂಗು, ಒಂದಿಷ್ಟು ಭತ್ತ, ಇಷ್ಟೇ ಬದುಕು. ಇಂಗ್ಲಿಷ್‌ನಲ್ಲಿ ಆ ಹೆಸರು ಹುಡುಕಿದರೆ ಪಕ್ಕದಲ್ಲೇ ‘ಹತ್ಯಾಕಾಂಡ’ ಅನ್ನೋ ಪದ ಅಂಟಿಕೊಂಡು ಬರುತ್ತೆ. ವಸಾಹತು ದೇಶದ ಊರು, ಅದರ ಜತೆ ಹತ್ಯಾಕಾಂಡ ಅಂದಮೇಲೆ ಸತ್ತವರು ಊರಿನವರೇ ಇರಬೇಕು ಅಂತ ಅಂದುಕೊಳ್ತೀವಿ. ಆದರೆ ಅಮೆರಿಕದ ಪುಸ್ತಕಗಳಲ್ಲಿ ಬಹಳ ಕಾಲ ಆ ಪದದ ಅರ್ಥ 48 ಅಮೆರಿಕನ್ ಸೈನಿಕರ ಸಾವು. ಅದರ ಮುಂದಿನ ತಿಂಗಳುಗಳಲ್ಲಿ ಆ ದ್ವೀಪದ ಜನರಿಗೆ ಆದದ್ದಕ್ಕೆ ಅಂಥ ಒಂದು ಹೆಸರಿಲ್ಲ, ಎಲ್ಲರೂ ಒಪ್ಪುವ ಸಂಖ್ಯೆಯೂ ಇಲ್ಲ. ಗಂಟೆಗಳ ಕತೆಗಿಂತ ಈ ವ್ಯತ್ಯಾಸ ಹೇಗೆ ಹುಟ್ಟಿತು ಅನ್ನೋದೇ ಹೆಚ್ಚು ಮುಖ್ಯ ಅಂತ ನನಗನ್ನಿಸುತ್ತೆ.

ಸಮುದ್ರಕ್ಕೆ ಮುಖ, ಕಾಡಿಗೆ ಬೆನ್ನು

ಫಿಲಿಪ್ಪೀನ್ಸ್‌ನ ಏಳು ಸಾವಿರಕ್ಕೂ ಹೆಚ್ಚು ದ್ವೀಪಗಳಲ್ಲಿ ಲುಜಾನ್, ಮಿಂದನಾವೊ ಬಿಟ್ಟರೆ ದೊಡ್ಡದು ಸಮಾರ್. ದೇಶದ ಪೂರ್ವದ ಅಂಚಿನಲ್ಲಿ, ಪೆಸಿಫಿಕ್ ಸಾಗರಕ್ಕೆ ನೇರ ಎದುರಾಗಿ ನಿಂತಿರೋ ದ್ವೀಪ. ಜನರ ಭಾಷೆ ವಾರಾಯ್. ನಡುವೆ ಪೂರ್ತಿ ಗುಡ್ಡ, ಸುಣ್ಣಕಲ್ಲಿನ ಗುಹೆ, ದಟ್ಟ ಮಳೆಕಾಡು. ಊರುಗಳೆಲ್ಲ ಅಂಚಿನಲ್ಲಿ, ನದಿ ಸಮುದ್ರ ಸೇರುವಲ್ಲಿ. ಬಲಂಗಿಗಾ ಕೂಡ ಹಾಗೇ: ದಕ್ಷಿಣ ದಂಡೆಯಲ್ಲಿ, ಅದೇ ಹೆಸರಿನ ನದಿಯ ಬಾಯಲ್ಲಿ, ಲೇಟೆ ಕೊಲ್ಲಿಗೆ ಮುಖ ಮಾಡಿ ಕೂತಿದೆ. ಪಕ್ಕದ ಲೇಟೆ ದ್ವೀಪಕ್ಕೆ ಸಮಾರ್ ಅನ್ನು ಜೋಡಿಸುವ ಸಾನ್ ಹುವಾನಿಕೊ ಸೇತುವೆ ಬಂದದ್ದು 1973ರಲ್ಲಿ, ಮಾರ್ಕೋಸ್ ಸರ್ವಾಧಿಕಾರದ ಕಾಲದಲ್ಲಿ. ಅಲ್ಲಿವರೆಗೆ ಎಲ್ಲಿಗೆ ಹೋಗೋದಿದ್ದರೂ ದೋಣಿಯೇ ದಾರಿ.

ಹೊರಗಿನಿಂದ ಬರೋದೆಲ್ಲ ಮೊದಲು ತಾಗೋದು ಈ ಮೂಲೆಗೇ. 1521ರಲ್ಲಿ ಮೆಗಲನ್ ಈ ದ್ವೀಪಗಳಲ್ಲಿ ಮೊದಲು ಕಾಲಿಟ್ಟದ್ದು ಸಮಾರ್‌ನ ದಕ್ಷಿಣ ತುದಿಯಾಚೆಗಿನ ಹೊಮೊನ್‌ಹೊನ್ ಅನ್ನೋ ಪುಟ್ಟ ದ್ವೀಪದಲ್ಲಿ. 1944ರಲ್ಲಿ ಜಪಾನೀಯರನ್ನು ಓಡಿಸೋಕೆ ಅಮೆರಿಕದ ನೌಕಾಪಡೆ ನುಗ್ಗಿದ್ದು ಇದೇ ಲೇಟೆ ಕೊಲ್ಲಿಗೆ. 2013ರ ನವೆಂಬರ್ 8ರ ನಸುಕಿನಲ್ಲಿ, ಅಲ್ಲಿನವರು ಯೊಲಾಂಡಾ ಅನ್ನೋ ಹೈಯಾನ್ ಚಂಡಮಾರುತ ಮೊದಲು ನೆಲ ಮುಟ್ಟಿದ್ದು ಬಲಂಗಿಗಾಕ್ಕೆ ಪೂರ್ವದಲ್ಲಿರೋ ಗಿವಾನ್ ಪಟ್ಟಣದಲ್ಲಿ.

ಊರಿಗೆ ಗಂಟೆ ಯಾಕೆ ಅಷ್ಟು ಮುಖ್ಯ ಅನ್ನೋದಕ್ಕೂ ಉತ್ತರ ಈ ಭೂಗೋಳದಲ್ಲೇ ಇದೆ. ಸ್ಪೇನ್‌ನವರು ಬಂದಾಗ ಇಲ್ಲಿನ ಜನ ನದಿಗುಂಟ ಚದುರಿ ಬದುಕುತ್ತಿದ್ದರು. ಚದುರಿದ ಜನರಿಂದ ಕಂದಾಯ ವಸೂಲಿ ಕಷ್ಟ, ಬಿಟ್ಟಿ ದುಡಿಮೆ ಮಾಡಿಸೋದು ಇನ್ನೂ ಕಷ್ಟ. ಹಾಗಾಗಿ ಪಾದ್ರಿಗಳು ಒಂದು ಕಡೆ ಚರ್ಚ್ ಕಟ್ಟಿ, ಗಂಟೆ ತೂಗುಹಾಕಿ, ಆ ದನಿ ಕೇಳಿಸುವಷ್ಟು ದೂರದೊಳಗೆ ಜನ ಬಂದು ನೆಲೆಸಬೇಕು ಅಂದರು. ‘ಗಂಟೆಯಡಿ’ ಬದುಕುವವನು ಕ್ರೈಸ್ತ, ಕಂದಾಯ ಕಟ್ಟುವ ಪ್ರಜೆ. ದನಿಯಾಚೆ ಕಾಡಿನಲ್ಲಿರೋನು ತಪ್ಪಿಸಿಕೊಂಡವನು. ವರ್ಷಕ್ಕೆ 40 ದಿನ ಸರ್ಕಾರಕ್ಕೆ ಬಿಟ್ಟಿ ದುಡಿಯಬೇಕಿತ್ತು. ಆಮೇಲೆ ದಕ್ಷಿಣದಿಂದ ದೋಣಿಗಳಲ್ಲಿ ಬಂದು ಜನರನ್ನು ಗುಲಾಮರಾಗಿ ಹಿಡಿದೊಯ್ಯುವವರ ಕಾಟ ಶುರುವಾದಾಗ, ಓಡಿ ಅಂತ ಎಚ್ಚರಿಸಿದ್ದೂ ಅದೇ ಗಂಟೆ. ಆಳೋಕೆ ತಂದ ಗಂಟೆ ಹೀಗೆ ನಿಧಾನಕ್ಕೆ ಊರಿನದ್ದೇ ಆಯಿತು. ಹುಟ್ಟಿಗೆ, ಸಾವಿಗೆ, ಅಪಾಯಕ್ಕೆ, ಎಲ್ಲಕ್ಕೂ ಅದೇ ದನಿ. ಈಗ ವಾಪಸ್ ಬಂದಿರೋ ಗಂಟೆಗಳು ಫ್ರಾನ್ಸಿಸ್ಕನ್ ಪಾದ್ರಿಗಳ ಕಾಲದವು, ಅವರ ಲಾಂಛನ ಅವುಗಳ ಮೇಲಿದೆ.

ಎರಡು ಕೋಟಿ ಡಾಲರ್‌ಗೆ ಒಂದು ದೇಶ

1898ರ ಜೂನ್ 12ಕ್ಕೆ ಎಮಿಲಿಯೊ ಅಗಿನಾಲ್ಡೊ ಸ್ಪೇನ್‌ನಿಂದ ಸ್ವಾತಂತ್ರ್ಯ ಘೋಷಿಸಿದರು. ಅದೇ ಡಿಸೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಸ್ಪೇನ್ ಮತ್ತು ಅಮೆರಿಕ ಒಪ್ಪಂದ ಮಾಡಿಕೊಂಡವು: ಎರಡು ಕೋಟಿ ಡಾಲರ್ ಕೊಟ್ಟು ಅಮೆರಿಕ ಫಿಲಿಪ್ಪೀನ್ಸ್ ತಗೊಂಡಿತು. ಮಾತುಕತೆಯಲ್ಲಿ ಫಿಲಿಪ್ಪೀನ್ಸ್‌ನವರಿಗೆ ಜಾಗವೇ ಇರಲಿಲ್ಲ. 1899ರ ಫೆಬ್ರವರಿಯಲ್ಲಿ ಯುದ್ಧ ಶುರುವಾಯಿತು. ಮುಂಬೈಯಲ್ಲಿ ಹುಟ್ಟಿದ ರುಡ್ಯಾರ್ಡ್ ಕಿಪ್ಲಿಂಗ್ ‘ಬಿಳಿಯನ ಹೊರೆ’ ಅಂತ ಪದ್ಯ ಬರೆದು ಅಮೆರಿಕಕ್ಕೆ ಹುರುಪು ತುಂಬಿದ್ದು ಇದೇ ಯುದ್ಧಕ್ಕೆ. ಅದು ಭಾರತದ ಬಗ್ಗೆ ಅಂತ ನಮ್ಮಲ್ಲಿ ಅನೇಕರು ಅಂದುಕೊಂಡಿರ್ತಾರೆ.

1901ರ ಮಾರ್ಚ್‌ನಲ್ಲಿ ಅಗಿನಾಲ್ಡೊ ಸೆರೆಸಿಕ್ಕರು, ಏಪ್ರಿಲ್‌ನಲ್ಲಿ ಅಮೆರಿಕಕ್ಕೆ ನಿಷ್ಠೆ ಘೋಷಿಸಿದರು. ಯುದ್ಧ ಮುಗೀತು ಅಂತ ವಾಷಿಂಗ್ಟನ್ ನಂಬಿತು. ಆದರೆ ಸಮಾರ್‌ನ ಕಾಡುಗಳಲ್ಲಿ ಜನರಲ್ ವಿಸೆಂಟೆ ಲುಕ್ಬಾನ್ ಇನ್ನೂ ಹೋರಾಡುತ್ತಿದ್ದರು. ಅವರಿಗೆ ಹಣ, ಅಕ್ಕಿ ಬರುತ್ತಿದ್ದದ್ದು ಕರಾವಳಿಯ ಊರುಗಳಿಂದ. ಸಮಾರ್‌ನ ಮುಖ್ಯ ಬೆಳೆ ಅಬಾಕ, ಬಾಳೆಯ ಜಾತಿಯ ಗಿಡ. ಅದರ ನಾರಿನಿಂದ ಹಡಗಿನ ಹಗ್ಗ ಹೊಸೆಯುತ್ತಾರೆ. ನಾರು ಹೊರಗೆ ಹೋದರೆ ದುಡ್ಡು ಬರುತ್ತೆ, ದುಡ್ಡು ಗುಡ್ಡಕ್ಕೆ ಏರುತ್ತೆ. ಅಮೆರಿಕದ ಸೇನೆ ಇದನ್ನು ಕಡಿಯೋಕೆ ಬಂದರುಗಳನ್ನು ಮುಚ್ಚಿತು, ನದಿಬಾಯಿಯ ಊರುಗಳಲ್ಲಿ ತುಕಡಿಗಳನ್ನು ಕೂರಿಸಿತು.

ಒಂಬತ್ತನೇ ಪದಾತಿ ದಳದ ‘ಸಿ’ ಕಂಪನಿ 1901ರ ಆಗಸ್ಟ್ 11ಕ್ಕೆ ಬಲಂಗಿಗಾಕ್ಕೆ ಬಂದು ಇಳಿಯಿತು. ಒಟ್ಟು 74 ಜನ. ಮುಖ್ಯಸ್ಥ ಕ್ಯಾಪ್ಟನ್ ಥಾಮಸ್ ಕಾನೆಲ್, ಕ್ಯಾಥೊಲಿಕ್. ದಳದ ಹಲವರು ಹಿಂದಿನ ವರ್ಷ ಚೀನಾದಲ್ಲಿ ಬಾಕ್ಸರ್ ದಂಗೆ ಅಡಗಿಸಿ ಬಂದವರು. ಮೊದಮೊದಲು ಎಲ್ಲ ಸರಿಯಾಗೇ ಇತ್ತು. ಆದರೆ ಊರಿನವರ ಪರಿಸ್ಥಿತಿ ಇಕ್ಕಟ್ಟಿನದ್ದು. ಅಮೆರಿಕನ್ನರಿಗೆ ಸಹಕರಿಸಿದರೆ ಲುಕ್ಬಾನ್‌ನ ಕಡೆಯವರ ಶಿಕ್ಷೆ, ಸಹಕರಿಸದಿದ್ದರೆ ಅಮೆರಿಕನ್ನರ ಶಿಕ್ಷೆ. ಊರ ಮೇಯರ್ ಪೆದ್ರೊ ಅಬಾಯಾನ್ ಅದಾಗಲೇ ಲುಕ್ಬಾನ್‌ಗೆ ಪತ್ರ ಬರೆದಿದ್ದರು: ಮೇಲ್ನೋಟಕ್ಕೆ ಸ್ನೇಹ ತೋರಿಸ್ತೀವಿ, ಸಮಯ ಸಿಕ್ಕಾಗ ಏಳ್ತೀವಿ ಅಂತ.

ಸಮಯ ತಂದುಕೊಟ್ಟದ್ದು ಕಾನೆಲ್‌ನ ಆದೇಶಗಳೇ. ಊರಿನ ಸುತ್ತ ಪೊದೆ, ಗಿಡ ಕಡಿಸಿ ಸ್ವಚ್ಛ ಮಾಡಬೇಕು ಅಂತ ಅವನು ಸುಮಾರು 80 ಗಂಡಸರನ್ನು ಹಿಡಿದು ದುಡಿಸಿದ. 16 ಜನ ಮಲಗಬಹುದಾದ ಎರಡು ಗುಡಾರಗಳಲ್ಲಿ ಅಷ್ಟೂ ಜನರನ್ನು ರಾತ್ರಿ ತುಂಬಿಟ್ಟ. ಗೆರಿಲ್ಲಾಗಳ ಕೈಸೇರಬಾರದು ಅಂತ ಮನೆಗಳ ಅಕ್ಕಿ ಕಿತ್ತುಕೊಂಡು ನಾಶ ಮಾಡಿಸಿದ. ಗಂಡಸರು ಗುಡಾರದಲ್ಲಿ, ಮನೆಯಲ್ಲಿ ಅಕ್ಕಿಯಿಲ್ಲ, ಮಳೆಗಾಲ ಹತ್ತಿರ. ದಂಗೆಗೆ ಇನ್ನೇನು ಬೇಕು?

ಸಂಚು ಹೂಡಿದ್ದು ಊರಿನ ಪೊಲೀಸ್ ಮುಖ್ಯಸ್ಥ ವಲೇರಿಯಾನೊ ಅಬನಾಡೋರ್ ಮತ್ತು ಲುಕ್ಬಾನ್‌ನ ಅಧಿಕಾರಿ ಯುಹೆನಿಯೊ ದಾಸಾ. ಹಿಂದಿನ ರಾತ್ರಿ ಹೆಂಗಸರ ವೇಷದಲ್ಲಿ ಗಂಡಸರು ಮಕ್ಕಳ ಶವಪೆಟ್ಟಿಗೆ ಹೊತ್ತು ಬಂದರು, ಒಳಗೆ ಬೋಲೋ ಇತ್ತು ಅನ್ನೋ ಕತೆ ಪ್ರಸಿದ್ಧ. ಬೋಲೋ ಅಂದರೆ ನಮ್ಮ ಮಚ್ಚಿನಂಥದ್ದು, ತೆಂಗು ಕೆಡವೋಕೂ ಗದ್ದೆ ಬದುವಿಗೂ ಅಲ್ಲಿನ ರೈತನ ಸೊಂಟದಲ್ಲಿರೋ ಹತ್ಯಾರು. ಈ ಕತೆಯ ಎಷ್ಟು ಭಾಗ ನಿಜ ಅನ್ನೋದರ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ. ಜಗಳ ಇಲ್ಲದ ಸಂಗತಿ ಇದು: ಸೆಪ್ಟೆಂಬರ್ 28, ಶನಿವಾರ, ಬೆಳಗಿನ ಆರೂವರೆ ಸುಮಾರಿಗೆ ಸೈನಿಕರು ತಿಂಡಿಗೆ ಕೂತಿದ್ದಾಗ ಅಬನಾಡೋರ್ ಕಾವಲುಗಾರನ ಬಂದೂಕು ಕಸಿದು ಅವನ ತಲೆಗೆ ಹೊಡೆದ. ಚರ್ಚ್ ಗಂಟೆ ಬಾರಿಸಿತು. ಸುಮಾರು 500 ಜನ ಮಚ್ಚು ಹಿಡಿದು ಮುಗಿಬಿದ್ದರು. ಅವರಲ್ಲಿ ಇದ್ದ ಒಬ್ಬಳೇ ಹೆಂಗಸು ಕಸಿಯಾನಾ ನಾಸಿಯೊನಾಲೆಸ್ ಅಂತ ಊರು ನೆನೆಯುತ್ತೆ.

ಕಾನೆಲ್ ಸೇರಿ ಅಧಿಕಾರಿಗಳೆಲ್ಲ ಸತ್ತರು. ನಂತರ ಗಾಯದಿಂದ ಸತ್ತವರು, ಕಾಣೆಯಾದವರು ಸೇರಿ 48 ಸೈನಿಕರು. ಗಾಯವಾಗದೆ ಉಳಿದವರು ನಾಲ್ಕೇ ಜನ. ದಾಳಿ ಮಾಡಿದವರಲ್ಲಿ 28 ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಕೊಡೋ ಲೆಕ್ಕ. ಬದುಕುಳಿದ ಸೈನಿಕರು ದೋಣಿ ಹತ್ತಿ ಪಶ್ಚಿಮದ ಬಾಸೆ ಪಟ್ಟಣಕ್ಕೆ ಓಡಿದರು. ಮರುದಿನ ಅಲ್ಲಿಂದ ಇನ್ನೊಂದು ತುಕಡಿ ಬಂದು ಬಲಂಗಿಗಾವನ್ನು ಸುಟ್ಟಿತು. ಸುಟ್ಟ ಚರ್ಚ್‌ನಿಂದ ಗಂಟೆಗಳನ್ನು ಸೇನೆ ತಗೊಂಡು ಹೋಯಿತು.

ಹತ್ತು ವರ್ಷ ಮೇಲ್ಪಟ್ಟವರು

ಸೇಡು ತೀರಿಸೋ ಹೊಣೆ ಬ್ರಿಗೇಡಿಯರ್ ಜನರಲ್ ಜೇಕಬ್ ಸ್ಮಿತ್‌ಗೆ ಬಿತ್ತು. ಅವನು ನೌಕಾ ಪದಾತಿ ದಳದ ಮೇಜರ್ ಲಿಟಲ್ಟನ್ ವಾಲರ್‌ಗೆ ಬಾಯಿಮಾತಲ್ಲಿ ಕೊಟ್ಟ ಆದೇಶ ಮುಂದೆ ಕೋರ್ಟ್ ಮಾರ್ಷಲ್‌ನಲ್ಲಿ ದಾಖಲಾಯಿತು. ಸೆರೆಯಾಳು ಬೇಡ, ಸುಡಿ, ಕೊಲ್ಲಿ, ಆಯುಧ ಹಿಡಿಯಬಲ್ಲವರನ್ನೆಲ್ಲ ಕೊಲ್ಲಿ, ಸಮಾರ್‌ನ ಒಳನಾಡು ಬಿಕೋ ಅನ್ನೋ ಕಾಡಾಗಬೇಕು. ವಯಸ್ಸಿನ ಮಿತಿ ಎಷ್ಟು ಅಂತ ವಾಲರ್ ಕೇಳಿದ. ಹತ್ತು ವರ್ಷ ಅಂದ ಸ್ಮಿತ್.

ವಾಲರ್ ಆ ಆದೇಶವನ್ನು ಅಕ್ಷರಶಃ ಪಾಲಿಸಲಿಲ್ಲ ಅಂತ ಹೇಳ್ತಾರೆ. ಪಾಲಿಸದೇ ಇದ್ದಾಗಲೂ ಆದದ್ದೇನು ಅನ್ನೋದು ಅವನದೇ ವರದಿಯಲ್ಲಿದೆ: 11 ದಿನಗಳಲ್ಲಿ 255 ಮನೆ ಸುಟ್ಟೆವು, 39 ಜನರನ್ನು ಕೊಂದೆವು, 13 ಕೋಣಗಳನ್ನು ಗುಂಡಿಟ್ಟು ಕೊಂದೆವು. ಕೋಣ ಯಾಕೆ ಲೆಕ್ಕದಲ್ಲಿ ಬಂತು ಅಂತ ಗದ್ದೆ ಉತ್ತವರಿಗೆ ಬಿಡಿಸಿ ಹೇಳಬೇಕಿಲ್ಲ. ಕೋಣ ಸತ್ತರೆ ಮುಂದಿನ ಬೆಳೆ ಇಲ್ಲ. ಡಿಸೆಂಬರ್ ಕೊನೆಗೆ ವಾಲರ್ ದ್ವೀಪವನ್ನು ಅಡ್ಡ ಹಾಯಲು ಹೊರಟು ಮಳೆಕಾಡಿನಲ್ಲಿ ದಾರಿ ತಪ್ಪಿ ಹತ್ತು ಮಂದಿ ಸೈನಿಕರನ್ನು ಕಳೆದುಕೊಂಡ. ವಾಪಸ್ ಬಂದಮೇಲೆ, ಹೊರೆ ಹೊತ್ತುಕೊಂಡು ಜತೆಗೆ ಬಂದಿದ್ದ 11 ಸ್ಥಳೀಯರನ್ನು ದ್ರೋಹಿಗಳು ಅಂತ ವಿಚಾರಣೆ ಇಲ್ಲದೆ ಗುಂಡಿಟ್ಟು ಕೊಲ್ಲಿಸಿದ.

ಈ ಕೊಲೆಗಳಿಗಾಗಿ ವಾಲರ್ ಮೇಲೆ ಕೋರ್ಟ್ ಮಾರ್ಷಲ್ ನಡೆದು ಖುಲಾಸೆಯಾಯಿತು. ಅದೇ ವಿಚಾರಣೆಯಲ್ಲಿ ಸ್ಮಿತ್‌ನ ಆದೇಶ ಹೊರಬಿತ್ತು. 1902ರ ಮೇ 5ರಂದು ನ್ಯೂಯಾರ್ಕ್ ಜರ್ನಲ್ ಪತ್ರಿಕೆ, ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಸಾಲಾಗಿ ನಿಂತ ಹುಡುಗರ ವ್ಯಂಗ್ಯಚಿತ್ರವನ್ನು ಮುಖಪುಟದಲ್ಲಿ ಹಾಕಿತು. ಗಲಾಟೆ ಎದ್ದಿತು. ಸ್ಮಿತ್ ಮೇಲೂ ಕೋರ್ಟ್ ಮಾರ್ಷಲ್ ಆಯಿತು. ಆರೋಪ ಏನು ಗೊತ್ತಾ? ಕೊಲೆ ಅಲ್ಲ, ಸೇನಾ ಶಿಸ್ತಿಗೆ ಧಕ್ಕೆ ತರುವ ನಡತೆ. ಶಿಕ್ಷೆ: ಒಂದು ಛೀಮಾರಿ. ಆಮೇಲೆ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅವನನ್ನು ನಿವೃತ್ತಿ ಮಾಡಿಸಿ ಮನೆಗೆ ಕಳಿಸಿದರು.

ಸಮಾರ್‌ನಲ್ಲಿ ಆಗ ಎಷ್ಟು ಜನ ಸತ್ತರು? 2,500 ಅನ್ನೋರಿದ್ದಾರೆ, 50,000 ಅನ್ನೋರೂ ಇದ್ದಾರೆ. ಇಷ್ಟು ಅಂತರ ಹುಟ್ಟೋದು ಲೆಕ್ಕ ಹಾಕೋ ವಿಧಾನದಿಂದ. ಸೇನೆಯ ವರದಿಗಳಲ್ಲಿ ಬರೆದಿಟ್ಟ ಸಾವುಗಳನ್ನು ಮಾತ್ರ ಕೂಡಿದರೆ ಸಂಖ್ಯೆ ಚಿಕ್ಕದು. ಸ್ಪೇನ್ ಕಾಲದ ಜನಗಣತಿಯನ್ನು 1903ರ ಅಮೆರಿಕದ ಜನಗಣತಿ ಜತೆ ಹೋಲಿಸಿ, ಬೆಳೆಯಬೇಕಿದ್ದ ಜನಸಂಖ್ಯೆ ಎಲ್ಲಿ ಹೋಯಿತು ಅಂತ ಕೇಳಿದರೆ ಸಂಖ್ಯೆ ದೊಡ್ಡದು. ಎರಡನೆಯದರಲ್ಲಿ ವಲಸೆ ಹೋದವರು, ಕಾಲರಾಕ್ಕೆ ತುತ್ತಾದವರು ಸೇರಿಕೊಳ್ತಾರೆ. ಮೊದಲನೆಯದರಲ್ಲಿ ಅಕ್ಕಿ ಸುಟ್ಟಮೇಲೆ ಹಸಿವಿನಿಂದ ಸತ್ತವರು ಬಿಟ್ಟು ಹೋಗ್ತಾರೆ. ನನ್ನ ಅಭಿಪ್ರಾಯದಲ್ಲಿ 50,000 ಅನ್ನೋದು ಗಟ್ಟಿ ಆಧಾರ ಇಲ್ಲದ ಅಂಕಿ; ಆದರೆ ಸೇನೆ ತಾನೇ ಕೊಂದು ತಾನೇ ಬರೆದಿಟ್ಟ ಪಟ್ಟಿಯನ್ನೇ ಪೂರ್ತಿ ಸತ್ಯ ಅಂತ ಒಪ್ಪೋದು ಇನ್ನೂ ದೊಡ್ಡ ತಪ್ಪು. ಇಡೀ ಯುದ್ಧದಲ್ಲಿ ಹಿಂಸೆ, ಬರ, ರೋಗಗಳಿಂದ ಎರಡು ಲಕ್ಷದವರೆಗೆ ಫಿಲಿಪ್ಪೀನ್ಸ್ ನಾಗರಿಕರು ಸತ್ತಿರಬಹುದು ಅಂತ ಅಮೆರಿಕದ ವಿದೇಶಾಂಗ ಇಲಾಖೆಯ ಇತಿಹಾಸ ವಿಭಾಗವೇ ಬರೆದಿದೆ.

ಸತ್ತ 48 ಸೈನಿಕರ ಹೆಸರು, ಹುದ್ದೆ ಎಲ್ಲ ಸೇನೆಯ ಕಡತಗಳಲ್ಲಿ ಸಿಗುತ್ತೆ.

ಫಿಲಿಪ್ಪೀನ್ಸ್ ಸಂಸತ್ತು 1989ರಲ್ಲಿ ಒಂದು ಕಾಯ್ದೆ ಮಾಡಿ ಸೆಪ್ಟೆಂಬರ್ 28 ಅನ್ನು ಪೂರ್ವ ಸಮಾರ್ ಪ್ರಾಂತ್ಯಕ್ಕೆ ರಜಾದಿನ ಮಾಡಿತು. ಅದರ ಹೆಸರು ‘ಬಲಂಗಿಗಾ ಮುಖಾಮುಖಿ ದಿನ’. ಹತ್ಯಾಕಾಂಡವೂ ಅಲ್ಲದ, ವಿಜಯವೂ ಅಲ್ಲದ ಪದ. ಹೇಡಿತನದ ರಾಜಿ ಅಂತ ಕೆಲವರಿಗೆ ಅನ್ನಿಸಬಹುದು. ಎರಡೂ ಕಡೆ ಸತ್ತವರಿದ್ದಾರೆ ಅನ್ನೋದನ್ನು ಆ ಪದ ಮುಚ್ಚಿಡೋದಿಲ್ಲ ಅನ್ನೋದು ನನಗೆ ಮೆಚ್ಚುಗೆ.

ಕ್ಷಿಪಣಿ ನೆಲೆಯಲ್ಲಿ ಚರ್ಚ್ ಗಂಟೆ

ಎರಡು ದೊಡ್ಡ ಗಂಟೆಗಳು ಅಮೆರಿಕದ ವಯೋಮಿಂಗ್ ರಾಜ್ಯದ ಷಯೆನ್ ನಗರದ ಸೇನಾ ಕೋಟೆ ಸೇರಿದವು. ಇವತ್ತು ಅದು ಎಫ್.ಇ. ವಾರೆನ್ ವಾಯುನೆಲೆ, ಖಂಡಾಂತರ ಅಣು ಕ್ಷಿಪಣಿಗಳಿರೋ ಜಾಗ. ಮೂರನೇ ಚಿಕ್ಕ ಗಂಟೆ ಒಂಬತ್ತನೇ ಪದಾತಿ ದಳದ ಜತೆ ಅಲೆದು ದಕ್ಷಿಣ ಕೊರಿಯಾದ ಅಮೆರಿಕನ್ ನೆಲೆಯಲ್ಲಿ ಉಳಿಯಿತು. ದಾಳಿಯ ದಿನ ಬಾರಿಸಿದ್ದು ಇದೇ ಅನ್ನೋ ನಂಬಿಕೆ ಇದೆ.

1990ರ ದಶಕದಲ್ಲಿ ಅಧ್ಯಕ್ಷ ಫಿಡೆಲ್ ರಾಮೋಸ್ ಕೇಳಿದರು. ಹಂಚಿಕೊಳ್ಳೋಣ, ಒಂದೊಂದು ನಕಲು ಮಾಡಿಸೋಣ ಅಂತಲೂ ಹೇಳಿ ನೋಡಿದರು. ವಯೋಮಿಂಗ್‌ನ ಮಾಜಿ ಸೈನಿಕರು ಒಪ್ಪಲಿಲ್ಲ, ಅದು ನಮ್ಮ ಹುತಾತ್ಮರ ಸ್ಮಾರಕ ಅಂದರು. ಸೇನಾ ಸ್ಮಾರಕಗಳನ್ನು ವಿದೇಶಕ್ಕೆ ಕೊಡಬಾರದು ಅಂತ ರಕ್ಷಣಾ ಕಾಯ್ದೆಯೊಳಗೇ ಒಂದು ನಿರ್ಬಂಧ ಬಂದು ಕೂತಿತು. ಆರು ಲಕ್ಷ ಜನ ಕೂಡ ಇಲ್ಲದ ರಾಜ್ಯದ ಸ್ಥಳೀಯ ರಾಜಕೀಯ, ಒಂದು ದೇಶದ ಬೇಡಿಕೆಯನ್ನು ಇಪ್ಪತ್ತು ವರ್ಷ ತಡೆದು ನಿಲ್ಲಿಸಿತು.

ಹಾಗಾದರೆ 2018ರಲ್ಲಿ ಏನು ಬದಲಾಯಿತು? ಅಮೆರಿಕದ ಮನಸ್ಸು ಕರಗಿತು ಅಂತ ಹೇಳಬಹುದು. ಕೆಲವು ಮಾಜಿ ಸೈನಿಕರು ನಿಜಕ್ಕೂ ಪರವಾಗಿ ನಿಂತರು. ಆದರೆ ಮನಸ್ಸಿಗಿಂತ ನಕಾಶೆ ಮುಖ್ಯವಾಗಿತ್ತು. 2016ರಲ್ಲಿ ರೊಡ್ರಿಗೊ ಡುಟರ್ಟೆ ಅಧ್ಯಕ್ಷರಾದರು. ಅವರ ಮಾದಕವಸ್ತು ವಿರೋಧಿ ‘ಯುದ್ಧ’ದಲ್ಲಿ ಬೀದಿ ಬೀದಿಯಲ್ಲಿ ಬಡವರ ಹೆಣ ಬೀಳುತ್ತಿತ್ತು. ಒಬಾಮಾ ಸರ್ಕಾರ ಮಾನವ ಹಕ್ಕುಗಳ ಮಾತೆತ್ತಿದಾಗ ಡುಟರ್ಟೆ ಅಮೆರಿಕನ್ನರ ಹಳೆಯ ಕೊಲೆಗಳ ಫೋಟೊ ತೋರಿಸಿ ತಿರುಗೇಟು ಕೊಟ್ಟರು. ಅದೇ ಅಕ್ಟೋಬರ್‌ನಲ್ಲಿ ಬೀಜಿಂಗ್‌ಗೆ ಹೋಗಿ ಅಮೆರಿಕದಿಂದ ದೂರವಾಗ್ತೀನಿ ಅಂತ ಘೋಷಿಸಿದರು. 2017ರ ಜುಲೈನಲ್ಲಿ ಸಂಸತ್ತಿನ ಭಾಷಣದಲ್ಲಿ ಬಲಂಗಿಗಾದ ಗಂಟೆಗಳನ್ನು ವಾಪಸ್ ಕೊಡಿ ಅಂತ ನೇರವಾಗಿ ಕೇಳಿದರು. ದಕ್ಷಿಣ ಚೀನಾ ಸಮುದ್ರದ ಅಂಚಿನ ಹಳೇ ಮಿತ್ರ ಕೈತಪ್ಪುವ ಹೊತ್ತಲ್ಲಿ ಮೂರು ಗಂಟೆ ದೊಡ್ಡ ಬೆಲೆ ಏನಲ್ಲ. ಅಮೆರಿಕದ ಸಂಸತ್ತು ಕಾನೂನಲ್ಲಿ ದಾರಿ ಬಿಟ್ಟಿತು, ರಕ್ಷಣಾ ಕಾರ್ಯದರ್ಶಿ ಜೇಮ್ಸ್ ಮ್ಯಾಟಿಸ್ ವಯೋಮಿಂಗ್‌ಗೆ ಹೋಗಿ ಬೀಳ್ಕೊಟ್ಟರು. ಸಮಾರಂಭ, ಗೌರವ ಎಲ್ಲ ಇತ್ತು. ಔಪಚಾರಿಕ ಕ್ಷಮಾಪಣೆ ಇರಲಿಲ್ಲ.

ವಸಾಹತುಶಾಹಿ ಗಾಯದ ಬಗ್ಗೆ ಮಾತಾಡೋ ನಾಯಕರನ್ನು ಕಂಡಾಗ ನಮ್ಮಂಥವರಿಗೆ ತಕ್ಷಣ ಖುಷಿಯಾಗುತ್ತೆ, ಅಲ್ವಾ? ಡುಟರ್ಟೆ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಗಂಟೆಗಳು ಬರೋಕೆ ಮೂರು ವಾರ ಮುಂಚೆ, ನವೆಂಬರ್ 22ಕ್ಕೆ, ಅದೇ ಡುಟರ್ಟೆ ಸಮಾರ್, ನೆಗ್ರೋಸ್, ಬಿಕೋಲ್ ಪ್ರದೇಶಗಳಿಗೆ ಇನ್ನಷ್ಟು ಸೇನೆ, ಪೊಲೀಸರನ್ನು ಕಳಿಸೋ ಆದೇಶಕ್ಕೆ ಸಹಿ ಹಾಕಿದ್ದರು. ಗುರಿ ಕಮ್ಯುನಿಸ್ಟ್ ಗೆರಿಲ್ಲಾಗಳು. ಅದೇ ದ್ವೀಪ, ಅದೇ ಗುಡ್ಡಗಾಡು, ಮತ್ತೆ ಸೇನೆ. ಅವರ ಮಾದಕವಸ್ತು ಯುದ್ಧದಲ್ಲಿ ಸರ್ಕಾರಿ ಲೆಕ್ಕದಲ್ಲೇ 6 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದಾರೆ. ಮಾನವ ಹಕ್ಕು ಸಂಘಟನೆಗಳ ಲೆಕ್ಕ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಇಲ್ಲೂ ಎರಡು ಲೆಕ್ಕ, ಕೊಂದವರ ಪಟ್ಟಿ ಮತ್ತು ಉಳಿದವರ ಪಟ್ಟಿ. 2025ರ ಮಾರ್ಚ್‌ನಲ್ಲಿ ಅಂತಾರಾಷ್ಟ್ರೀಯ ಅಪರಾಧ ನ್ಯಾಯಾಲಯದ ವಾರಂಟ್ ಮೇಲೆ ಅವರನ್ನು ಬಂಧಿಸಿ ಹೇಗ್‌ಗೆ ಕಳಿಸಲಾಯಿತು.

ಅಮೆರಿಕದ ಲೆಕ್ಕಾಚಾರವೂ ತಪ್ಪಲಿಲ್ಲ. ಸೇನೆಗಳ ಭೇಟಿ ಒಪ್ಪಂದವನ್ನು ರದ್ದು ಮಾಡ್ತೀನಿ ಅಂತ 2020ರಲ್ಲಿ ನೋಟಿಸ್ ಕೊಟ್ಟ ಡುಟರ್ಟೆ 2021ರಲ್ಲಿ ಹಿಂದೆ ತಗೊಂಡರು. 2023ರಲ್ಲಿ, ಮುಂದಿನ ಅಧ್ಯಕ್ಷ ಮಾರ್ಕೋಸ್ ಜೂನಿಯರ್ ಕಾಲದಲ್ಲಿ, ಅಮೆರಿಕದ ಸೇನೆ ಬಳಸಬಹುದಾದ ಜಾಗಗಳು ಐದರಿಂದ ಒಂಬತ್ತಕ್ಕೆ ಏರಿದವು.

ಊರಿನ ಕಡೆ ಬರೋಣ. ಹೈಯಾನ್ ಚಂಡಮಾರುತದಲ್ಲಿ ದೇಶದಲ್ಲಿ ಅಧಿಕೃತವಾಗಿ 6,300 ಜನ ಸತ್ತರು, ಮೂರು ಕೋಟಿಗೂ ಹೆಚ್ಚು ತೆಂಗಿನ ಮರ ಉರುಳಿದವು. ತೆಂಗಿನ ಸಸಿ ನೆಟ್ಟರೆ ಫಲ ಕೊಡೋಕೆ ಆರೇಳು ವರ್ಷ ಬೇಕು ಅನ್ನೋದು ತಿಪಟೂರು, ಅರಸೀಕೆರೆ ಕಡೆಯವರಿಗೆ ಗೊತ್ತು. ಅಂದರೆ 2013ರ ನಂತರ ನೆಟ್ಟ ಸಸಿ ಕಾಯಿ ಬಿಡೋ ಮುಂಚೆಯೇ ಗಂಟೆಗಳು ಬಂದಿದ್ದವು. ಪೂರ್ವ ಸಮಾರ್ ಇವತ್ತಿಗೂ ದೇಶದ ಬಡ ಪ್ರಾಂತ್ಯಗಳಲ್ಲಿ ಒಂದು. ಓದಿದ ಹುಡುಗ ಹುಡುಗಿಯರು ಮನಿಲಾಕ್ಕೋ ಕೊಲ್ಲಿ ದೇಶಗಳಿಗೋ ಹೋಗ್ತಾರೆ.

ಗಂಟೆಗಳು ಬರೋ ಹೊತ್ತಿಗೆ ಮನಿಲಾದಲ್ಲಿ ಹೊಸ ವಾದವೊಂದು ಹುಟ್ಟಿತ್ತು. ಒಂದನ್ನಾದರೂ ರಾಜಧಾನಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇಡೋಣ, ಇದು ಇಡೀ ದೇಶದ ಆಸ್ತಿ ಅಂತ ಸೆನೆಟ್‌ನಲ್ಲಿ ಪ್ರಸ್ತಾವ ಬಂತು. ಬಲಂಗಿಗಾವನ್ನು ನೋಡಿಕೊಳ್ಳೋ ಬೊರೊಂಗನ್ ಧರ್ಮಪ್ರಾಂತ ಸುತರಾಂ ಒಪ್ಪಲಿಲ್ಲ. ಇವು ಪ್ರದರ್ಶನಕ್ಕಿಡೋ ವಸ್ತುಗಳಲ್ಲ, ಪ್ರಾರ್ಥನೆಗೆ ಕರೆಯೋ ಗಂಟೆಗಳು, ಇವುಗಳ ಜಾಗ ಚರ್ಚ್ ಅಂತ ಹಟ ಹಿಡಿಯಿತು. ಈ ಜಗಳದಲ್ಲಿ ನಾನು ಧರ್ಮಪ್ರಾಂತದ ಪರ. ಷಯೆನ್‌ನಲ್ಲಿ ಅವು ನೂರು ವರ್ಷ ವಸ್ತುಗಳಾಗೇ ಇದ್ದವಲ್ಲ.

ಮೂರೂ ಊರಲ್ಲೇ ಉಳಿದವು. ಅವು ಬಂದ ಮರುದಿನ ಡಿಸೆಂಬರ್ 16. ಕ್ರಿಸ್‌ಮಸ್‌ಗೆ ಮುಂಚಿನ ಒಂಬತ್ತು ದಿನ, ಇನ್ನೂ ಕತ್ತಲಿರುವಾಗಲೇ ಎದ್ದು ಚರ್ಚ್‌ಗೆ ಹೋಗೋ ಪದ್ಧತಿ ಆ ದೇಶದಲ್ಲಿದೆ, ಮತ್ತು ಅದು ಶುರುವಾಗೋದು ಅದೇ ತಾರೀಖಿಗೆ.